ತುಟಿಗೆ ಕೂರುವ ಮಾತು

ಬೀಗದಲ್ಲಿ ಕೀಲಿಯನ್ನು ಸದ್ದಾಗದಂತೆ ಯಾಕೆ ತಿರುಗಿಸಿದೆ ಎಂದು ಅವನು ಆಮೇಲೆ ತನ್ನನ್ನೇ ಕೇಳಿಕೊಂಡ. ತನ್ನದೇ ಮನೆ, ತನ್ನದೇ ಕೀಲಿ, ಅದೂ ನಡುಹಗಲು. ಕಳ್ಳನ ಹಾಗೆ ಬರುವ ಅಗತ್ಯವೇನೂ ಇರಲಿಲ್ಲ. ಆದರೆ ಕೆಲವರಿಗೆ ಬಾಗಿಲಲ್ಲಿ ನಿಂತು ಕೆಮ್ಮುವುದು ಹೇಗೆ ಮೈಗೂಡಿರುತ್ತದೋ ಹಾಗೆ ಇವನಿಗೆ ಕೆಮ್ಮದಿರುವುದು ಮೈಗೂಡಿತ್ತು. ಚಪ್ಪಲಿ ಬಿಡಲು ಬಗ್ಗಿದವನು ಬಗ್ಗಿದಂತೆಯೇ ನಿಂತುಬಿಟ್ಟ. ಮಗಳ ಕೋಣೆಯ ಬಾಗಿಲು ಮುಚ್ಚಿತ್ತು. ಒಳಗಿಂದ ಗಂಡಸಿನ ದನಿ ಕೇಳುತ್ತಿತ್ತು.

ದನಿ ಅವನ ಕಸುಬು. ತೆರೆಯ ಮೇಲೆ ಯಾರದೋ ಬಾಯಿ ಆಡುತ್ತದೆ, ಕತ್ತಲೆ ಕೋಣೆಯಲ್ಲಿ ಮೈಕಿನ ಮುಂದೆ ನಿಂತು ಇವನು ಆ ಬಾಯಿಗೆ ಮಾತು ತುಂಬುತ್ತಾನೆ. ಮಂತ್ರವಾದಿ, ಕಾಗೆ, ಹಲ್ಲಿಲ್ಲದ ಅಜ್ಜಿ, ಅಪಹರಣಕಾರ, ಅಪಹರಣಕಾರನನ್ನು ಹಿಡಿಯುವ ಇನ್ಸ್‌ಪೆಕ್ಟರ್, ಎಲ್ಲಾ ಇವನೇ. ಒಮ್ಮೆಯಂತೂ ತನ್ನನ್ನು ತಾನೇ ಬಂಧಿಸಿದ್ದುಂಟು. ದನಿಯಿಂದ ಧನಿಯಾಗಲಿಲ್ಲ, ಆದರೆ ಕಿವಿ ಮಾತ್ರ ಚುರುಕಾಯಿತು. ಹಾಗಾಗಿ ಬಗ್ಗಿದ ಬೆನ್ನು ನೆಟ್ಟಗಾಗುವ ಮೊದಲೇ ಅವನು ಒಳಗಿನ ಗಂಡಸನ್ನು ತೂಗಿ ನೋಡಿದ್ದ. ವಯಸ್ಸು ನಲವತ್ತು ದಾಟಿದೆ. ಎದೆಯಿಂದ ಹೊರಡುವ ದನಿ, ಮೂಗಿನ ಹತ್ತಿರ ಸ್ವಲ್ಪ ತಂಗಿ ಬರುತ್ತದೆ. ಮಾತಿನ ಕೊನೆಯನ್ನು ನುಂಗುತ್ತಾನೆ, ಯಾರಾದರೂ ಕಿತ್ತುಕೊಂಡಾರು ಎಂಬಂತೆ. ಈ ಜಾತಿಯ ದನಿಯ ಮನುಷ್ಯ ನಯವಂಚಕ ಎಂದು ಅವನಿಗೆ ಕೂಡಲೇ ಅನಿಸಿತು. ಬಾಗಿಲ ಹಲಗೆ ದಪ್ಪಗಿದ್ದುದರಿಂದ ಮಾತು ಪೂರ್ತಿ ಬರುತ್ತಿರಲಿಲ್ಲ, ಅಲ್ಲೊಂದು ಇಲ್ಲೊಂದು ಚೂರು ಬರುತ್ತಿತ್ತು. "ತಪ್ಪಾಯ್ತು..." ಎಂದಿತು ದನಿ. ಸ್ವಲ್ಪ ಬಿಟ್ಟು, "ಇನ್ನು ಮಾಡಲ್ಲ." ಮತ್ತೆ, ತೀರ ಮೆತ್ತಗೆ, "ಅಳಬೇಡ."

ತಪ್ಪಾಯ್ತಂತೆ! ಏನು ತಪ್ಪು? ತನ್ನ ಮಗಳ ಕೋಣೆಯಲ್ಲಿ ಕೂತು, ಚಿಲಕ ಹಾಕಿಕೊಂಡು, 'ಇನ್ನು ಮಾಡಲ್ಲ' ಎನ್ನಬೇಕಾದರೆ ಅವನು ಏನು ಮಾಡಿರಬೇಕು? ಇವನ ಕಣ್ಣು ಚಪ್ಪಲಿ ಗೂಡಿಗೆ ಹೋಯಿತು. ಹೊಸ ಜೋಡು ಯಾವುದೂ ಇಲ್ಲ. ಒಳಗೇ ಒಯ್ದಿದ್ದಾನೆ, ಪಾಕಡಾ. ಪರರ ಚಪ್ಪಲಿ ಇದ್ದಿದ್ದರೆ ಒಬ್ಬ ಮನುಷ್ಯ ಬಂದಿದ್ದಾನೆ ಎಂದಾಗುತ್ತಿತ್ತು. ಇಲ್ಲದಿರುವುದರಿಂದ ಒಬ್ಬ ಅಡಗಿದ್ದಾನೆ ಎಂದಾಯಿತು. ಕಾಲೇಜಿನ ಹೊತ್ತಿನಲ್ಲಿ ಇವಳು ಮನೆಯಲ್ಲಿ ಯಾಕಿದ್ದಾಳೆ? ಅವಳ ಅಮ್ಮ ಆಸ್ಪತ್ರೆಯಲ್ಲಿ ನರ್ಸು, ಸಂಜೆಯವರೆಗೆ ಬರುವುದಿಲ್ಲ. ತಾನೂ ಸಂಜೆಯವರೆಗೆ ಬರಬಾರದಾಗಿತ್ತು. ಇದೆಲ್ಲ ತಿಳಿದೇ ಗೊತ್ತು ಮಾಡಿದ ಹೊತ್ತು. ಅನುಮಾನ ಎಂದರೇನು, ಮಾನದ ಬೆನ್ನಿಗೇ ನಡೆದುಬರುವಂಥದ್ದು, ಎಂದು ಅವನ ನಾಲಿಗೆ ಅಷ್ಟರಲ್ಲೂ ಒಂದು ಚಮತ್ಕಾರ ಕಟ್ಟಿತು. ಅವನಿಗೆ ಅದು ಹಿಡಿಸಲಿಲ್ಲ.

ಸಂಜೆಯವರೆಗೆ ಬರಬಾರದಿದ್ದವನು ಬಂದದ್ದು ಕರಡಿಯಿಂದಾಗಿ. ಮಕ್ಕಳ ಕಾರ್ಟೂನು, ಅಪ್ಪ ಕರಡಿ ಗುಹೆಗೆ ಮರಳುತ್ತದೆ, ಬಿರುಗಾಳಿಗೆ ಬೆದರಿದ ಮರಿ ಮೂಲೆಯಲ್ಲಿ ಮುದುಡಿ ಕೂತಿದೆ. "ಘರ್ಜನೆ ಸೂಪರ್ ಸರ್," ಎಂದಿದ್ದಳು ನಿರ್ದೇಶಕಿ, ಮಗಳಿಗಿಂತ ನಾಲ್ಕಾರು ವರ್ಷಕ್ಕೆ ದೊಡ್ಡವಳಿರಬಹುದಾದ ಹುಡುಗಿ. "ಆದ್ರೆ 'ಹೆದರಬೇಡ, ನಾನಿದ್ದೀನಿ' ಅಂತೀರಲ್ಲ, ಅಲ್ಲಿ ಯಾಕೋ ಮರಿ ಎದ್ದು ಓಡಿಹೋಗಬೇಕು ಅನ್ಸುತ್ತೆ." ಇನ್ನೊಂದು ಸಲ ಹೇಳಿದ. ಮತ್ತೊಂದು ಸಲ ಹೇಳಿದ. ಗಾಜಿನಾಚೆ ಕೂತ ರೆಕಾರ್ಡಿಂಗಿನವನಿಗೆ ಎಲ್ಲರೂ ಇಟ್ಟ ಹೆಸರು ಕಿವಿ. ಮೈಕಿನಲ್ಲಿ ಹೊಟ್ಟೆ ಗುರುಗುಟ್ಟಿದರೂ "ಸರ್, ಅದಕ್ಕೆ ಡೈಲಾಗ್ ಕೊಟ್ಟಿಲ್ಲ" ಎನ್ನುವ ಆಸಾಮಿ. "ಯಾರ ದನೀನೂ ಮಾಡಬೇಡಿ ಸರ್," ಎಂದಳು ಹುಡುಗಿ. "ಮನೇಲಿ ಮಾತಾಡ್ತೀರಲ್ಲ, ಹಾಗೆ ಸುಮ್ನೆ ಹೇಳಿ." ಅವನು ಸುಮ್ಮನೆ ಹೇಳಿದ. "ಇದು ಹೋದ ವರ್ಷದ ಡಾಕ್ಟರ್," ಎಂದ ಕಿವಿ. ಬೇರೆ ರೀತಿ ಹೇಳಿದ. "ಇದು ಬಿಸ್ಕತ್ ಜಾಹೀರಾತಿನ ತಾತ." ಬೆವರು ಒರೆಸಿಕೊಂಡು, ಕಣ್ಣು ಮುಚ್ಚಿ, ಮನೆಯ ಊಟದ ಮೇಜನ್ನು ನೆನೆದು ಹೇಳಿದ. ಕಿವಿ ಬಹಳ ಹೊತ್ತು ಯೋಚಿಸಿ, "ಸರ್, ನಿಮ್ಮನೇಲಿ ಮಾತಾಡೋರು ಯಾರು?" ಎಂದ. ಹುಡುಗಿ ನಗು ತಡೆಯಲು ಹೋಗಿ ಕೆಮ್ಮಿದಳು. ಕೆಮ್ಮಿದ್ದು ನಕಲಿ ಎಂದು ಇವನಿಗೆ ತಿಳಿಯದೆ ಇರುತ್ತದೆಯೇ. "ನಾಳೆ ನೋಡೋಣ ಸರ್," ಎಂದಳು. ನಾಳೆ ಆ ಕರಡಿಯೊಳಗೆ ಬೇರೆ ಯಾರೋ ಕೂತಿರುತ್ತಾರೆ ಎಂಬುದು ಆ 'ನೋಡೋಣ'ದ ಎಳೆತದಲ್ಲೇ ಇತ್ತು.

ಒಳಗಿನ ಗಂಡಸು ಈಗ ಏನೋ ಹೇಳಿ ನಿಟ್ಟುಸಿರು ಬಿಟ್ಟ. ಎಂಥ ಸಲೀಸಾಗಿ ಕ್ಷಮೆ ಕೇಳುತ್ತಾನೆ! ಇವನಿಗೆ ಹೊಟ್ಟೆಕಿಚ್ಚಾಯಿತು. ತಾನು ಯಾವತ್ತಾದರೂ ಹಾಗೆ ಕೇಳಿದ್ದುಂಟೇ? ಕೇಳುವಂಥದ್ದು ತಾನೇನು ಮಾಡಿದ್ದೇನೆ? ಮಗಳಿಗೆ ಲೋಕ ಕಲಿಸಿದ್ದು. ಅವಳಿಗೆ ಚಿಲಕ ಎಟುಕುವ ವಯಸ್ಸು ಬಂದಾಗ ಮನೆಯಲ್ಲಿ ಒಂದು ಕಟ್ಟಳೆ ಮಾಡಿದ್ದರು, ಅಪ್ಪ ಅಮ್ಮ ಬಿಟ್ಟು ಯಾರಿಗೂ ಬಾಗಿಲು ತೆಗೆಯಕೂಡದು. ಕಟ್ಟಳೆ ಗಟ್ಟಿಯೋ ಇಲ್ಲವೋ ಪರೀಕ್ಷಿಸಬೇಡವೇ? ಅವನು ಹೊರಗೆ ನಿಂತು ಹೆಂಡತಿಯ ದನಿಯಲ್ಲಿ "ಪುಟ್ಟೀ, ಕೈ ತುಂಬ ಸಾಮಾನಿದೆ, ಬೇಗ ತೆಗಿ" ಎಂದಿದ್ದ. ಮಗು ಓಡಿಬಂದು ತೆಗೆದಿತ್ತು. ಅಮ್ಮನಿಗಾಗಿ ಎತ್ತಿದ ಮುಖ ಅಪ್ಪನನ್ನು ಕಂಡು ಹೇಗಾಯಿತು ಎಂಬುದನ್ನು ಅವನು ಆಗ ಗಮನಿಸಿರಲಿಲ್ಲ, ಹಿಂದೆ ನಿಂತ ನೆಂಟರು ನಗುತ್ತಿದ್ದರು, ಇವನು ಅವರತ್ತ ತಿರುಗಿ ತನ್ನ ಮಾಮೂಲಿ ಮಾತು ಒಗೆದಿದ್ದ, "ಹೇಗಿತ್ತು ನಮ್ಮ ಐಟಂ?" ಮುಂದಿನ ಸಲ ಅವಳು ತೆಗೆಯಲಿಲ್ಲ. ಆಗ ಅವನು ಬಾಗಿಲಲ್ಲೇ ನಿಂತು, ಅಂಗೈಯಿಂದ ತೊಡೆ ತಟ್ಟುತ್ತ, ಹೆಜ್ಜೆಗಳು ಮೆಟ್ಟಿಲಿಳಿದು ದೂರವಾಗುವ ಸದ್ದು ಮಾಡಿದ್ದ. ಹೋದರೆಂದು ನಂಬಿ ಅವಳು ಇಣುಕಿದಳು. ಮತ್ತೆ, ಹೇಗಿತ್ತು ನಮ್ಮ ಐಟಂ! ನಾನು ಮೋಸ ಮಾಡಿ ಕಲಿಸದಿದ್ದರೆ ಊರಿನವರು ಮೋಸ ಮಾಡಿ ಕಲಿಸುತ್ತಾರೆ, ಇದು ಅವನ ವಾದ. "ರೀ, ಲಸಿಕೆ ಹಾಕ್ತೀನಿ ಅಂತ ರೋಗಾನೇ ಹಚ್ಚಬೇಡಿ," ಎಂದಿದ್ದಳು ಹೆಂಡತಿ. ಅವಳ ಕಸುಬಿನ ಮಾತು.

ಅಲ್ಲಿಂದ ಮುಂದೆ ಮಗಳು ದನಿಯನ್ನು ನಂಬುವುದನ್ನೇ ಬಿಟ್ಟಳು. ಬಾಗಿಲು ಬಡಿದರೆ ಒಳಗಿಂದ ಒಂದು ಪ್ರಶ್ನೆ ಬರುತ್ತಿತ್ತು. "ನಿನ್ನೆ ತಟ್ಟೆಯಲ್ಲಿ ನಾನು ಏನು ಬಿಟ್ಟೆ?" "ನನ್ನ ಯಾವ ಹಲ್ಲು ಅಲ್ಲಾಡ್ತಿದೆ?" ಅವಳಮ್ಮ ತಡವರಿಸದೆ ಉತ್ತರಿಸಿ ಒಳಗೆ ಹೋಗುತ್ತಿದ್ದಳು. ಇವನು ಊಹಿಸುತ್ತಿದ್ದ, ತಪ್ಪುತ್ತಿದ್ದ, ಕೊನೆಗೆ ಗದರುತ್ತಿದ್ದ. ಮನೆಯವರಿಗೆಲ್ಲ ಒಂದೊಂದು ಕೀಲಿ ಮಾಡಿಸಿದ್ದು ಆಮೇಲೆ.

ಇಷ್ಟೇ ಆಗಿದ್ದರೆ ಬಾಲಲೀಲೆ ಎಂದು ಬಿಡಬಹುದಿತ್ತು. ಹೋದ ತಿಂಗಳಿನದು ಹಾಗಲ್ಲ. ಮಗಳಿಗೆ ಒಬ್ಬಳು ಗೆಳತಿ, ದಪ್ಪ ಕನ್ನಡಕದವಳು, ಇವನು ಅವಳಿಗಿಟ್ಟ ಹೆಸರೂ ಕನ್ನಡಕವೇ. ಇಬ್ಬರೂ ಗುಸುಗುಸು ಏನು ಮಾತಾಡುತ್ತಾರೆ ಎಂಬುದು ಇವನನ್ನು ನಿದ್ದೆಗೆಡಿಸಿತ್ತು. ಕೊನೆಗೆ ಒಂದು ಮಧ್ಯಾಹ್ನ ಸ್ಟುಡಿಯೋದ ಫೋನಿನಿಂದ ಮಗಳಿಗೆ ಕರೆ ಮಾಡಿ, ಕನ್ನಡಕದ ಆ ಗಂಟಲು ಕಟ್ಟಿದಂಥ ದನಿಯಲ್ಲಿ "ಯಾಕೆ ಕಣೇ ಬೇಜಾರಲ್ಲಿದ್ದೆ ಬೆಳಿಗ್ಗೆ?" ಎಂದ. ಹುಡುಗ, ಸಿನಿಮಾ, ಸುಳ್ಳು, ಏನಾದರೂ ಬಲೆಗೆ ಬೀಳುತ್ತದೆ ಎಂದುಕೊಂಡಿದ್ದ. ಬಿದ್ದದ್ದು ಬೇರೆ. "ಏನಿಲ್ಲ ಕಣೇ, ಅಪ್ಪ," ಎಂದಿದ್ದಳು ಮಗಳು. "ಅಪ್ಪ ಮನೇಲಿದ್ರೆ ಯಾರು ಮನೇಲಿದಾರೆ ಅಂತಾನೇ ನಂಗೆ ಗೊತ್ತಾಗಲ್ಲ." ಅವನು ಕನ್ನಡಕದ ದನಿಯಲ್ಲೇ "ಹೌದಾ" ಎಂದು, ಕನ್ನಡಕದಂತೆಯೇ ಮೂಗೆಳೆದು, ಫೋನಿಟ್ಟಿದ್ದ. ಆ ಮಾತನ್ನು ಯಾರ ಹತ್ತಿರವೂ ಆಡುವಂತಿರಲಿಲ್ಲ. ಕದ್ದ ಮಾಲು; ಕಳುವಾಯಿತೆಂದು ದೂರು ಕೊಡುವಂತೆಯೂ ಇಲ್ಲ. ಮಾರನೆಯ ದಿನ ನಿಜವಾದ ಕನ್ನಡಕ ತಾನು ಫೋನೇ ಮಾಡಿಲ್ಲವೆಂದು ಮಗಳಿಗೆ ಹೇಳಿದಳು. ಅಂದಿನಿಂದ ಕೋಣೆಗೆ ಚಿಲಕ ಬಿತ್ತು. ಮಗಳು ಏನೂ ಕೇಳಲಿಲ್ಲ, ಇವನು ಏನೂ ಒಪ್ಪಲಿಲ್ಲ. ಊಟದ ಹೊತ್ತಿಗೆ ಉಪ್ಪು ದಾಟಿಸುವಾಗ ಮಾತ್ರ ಅವಳು ಒಮ್ಮೊಮ್ಮೆ ಇವನ ಬಾಯಿಯನ್ನೇ ನೋಡುತ್ತಿದ್ದಳು, ಈಗ ಅಲ್ಲಿಂದ ಯಾರು ಹೊರಬರುತ್ತಾರೋ ಎಂಬಂತೆ.

ಅವನು ಬೆಕ್ಕಿನ ಹೆಜ್ಜೆಯಲ್ಲಿ ಕೋಣೆಯ ಬಾಗಿಲಿಗೆ ಬಂದ. ಬಡಿಯಬಹುದಿತ್ತು. ಕೂಗಬಹುದಿತ್ತು. ಆದರೆ ಕೂಗಿದರೆ ಒಳಗಿನವನು ಹುಷಾರಾಗುತ್ತಾನೆ ಎಂದು ಬುದ್ಧಿ ಹೇಳಿತು. ಬುದ್ಧಿ ಹೇಳಿ ಮುಗಿಸುವ ಮೊದಲೇ ಗಂಟಲು ತನ್ನ ಕೆಲಸ ಮಾಡಿತ್ತು.

"ಪುಟ್ಟೀ," ಎಂದಿತು ಹೆಂಡತಿಯ ದನಿ ಅವನ ಬಾಯಿಂದ, ದಣಿವು ಕೂಡ ಹದವಾಗಿ ಬೆರೆತು. "ಡ್ಯೂಟಿ ಬೇಗ ಮುಗೀತು. ಬಾಗಿಲು ತೆಗಿಯಮ್ಮ."

ಗಂಡುದನಿ ತಟ್ಟನೆ ನಿಂತಿತು. ಮಂಚ ಕಿರುಗುಟ್ಟಿತು. ಆಮೇಲೆ ಮಗಳು ಕೇಳಿದಳು, "ಅಮ್ಮ, ಬೆಳಿಗ್ಗೆ ಹೋಗುವಾಗ ನನ್ನ ಹಣೆ ಮೇಲೆ ಏನಿಟ್ಟೆ?"

ಹಣೆಯ ಮೇಲೆ ತಾಯಿ ಏನಿಡುತ್ತಾಳೆ? "ಕೈ," ಎಂದ ಹೆಂಡತಿಯ ದನಿಯಲ್ಲಿ. ತಿದ್ದಿಕೊಂಡು, "ಮುತ್ತು," ಎಂದ.

"ಒದ್ದೆ ಬಟ್ಟೆ," ಎಂದಳು ಮಗಳು. "ರಾತ್ರಿಯಿಂದ ಜ್ವರ ನಂಗೆ. ಅಮ್ಮನಿಗೆ ಗೊತ್ತು."

ಮತ್ತೆ, ಅವಳ ಮಾತು ಮುಗಿದ ಜಾಗದಿಂದಲೇ, ಆ ಎದೆಯ ದನಿ, ಮೂಗಿನಲ್ಲಿ ತಂಗಿ, ಕೊನೆಯನ್ನು ನುಂಗುತ್ತ ಹೇಳಿತು: "ಹೇಗಿತ್ತು ನಮ್ಮ ಐಟಂ?"

ಅವನ ಕಿವಿಯ ತುದಿ ಬಿಸಿಯಾಯಿತು. ಮನೆಯ ಗುಟ್ಟೆಲ್ಲ ಇವಳು ಆ ಪರಕೀಯನಿಗೆ ಒಪ್ಪಿಸಿದ್ದಾಳೆ. ಇಬ್ಬರೂ ಕೂತು ತನ್ನನ್ನು ಆಡಿಕೊಂಡಿದ್ದಾರೆ. "ಯಾವನೋ ಅವನು ಒಳಗೆ!" ಎಂದು ಅಬ್ಬರಿಸಿದ.

"ಮಂತ್ರವಾದಿ," ಎಂದಳು ಮಗಳು.

"ಏನು?"

"ಈಗ ಕೂಗಿದ್ದು. ಮಂತ್ರವಾದಿ ದನಿ ಅದು. ಅಪ್ಪ, ಒಳಗೆ ನಾನೊಬ್ಬಳೇ ಇದೀನಿ. ನೀನು ಕೇಳಿದ್ದು ನಿನ್ನನ್ನೇ. ನಾನು ನಿನ್ನ ದನಿ ಮಾಡ್ತಿದ್ದೆ."

"ನನ್ನ ದನಿ ಹಾಗಿಲ್ಲ."

"ಹಾಗೇ ಇದೆ. ನಿಂಗೆ ಅದರ ಪರಿಚಯ ಇಲ್ಲ, ಅಷ್ಟೆ. ನಿದ್ದೆಯಿಂದ ಎದ್ದ ಕೂಡ್ಲೇ ಒಂದೆರಡು ಮಾತು ಆಡ್ತೀಯಲ್ಲ, ನಿನ್ನ ಬಾಯಿಗೆ ಯಾರೂ ಇನ್ನೂ ಬಂದಿರಲ್ಲ, ಆವಾಗ ಹಾಗೇ ಇರುತ್ತೆ. ನಾನು ಅಲ್ಲಿಂದ ಹಿಡ್ಕೊಂಡೆ."

"ಯಾಕೆ?"

"ಒಂದು ಮಾತು ಕೇಳಬೇಕಾಗಿತ್ತು ನಿನ್ನಿಂದ. ನೀನು ಹೇಳ್ತಿಲ್ಲ. ಜ್ವರ ಬಂದಾಗ ಒಬ್ಬಳೇ ಮಲಗಿದ್ರೆ ತಲೆ ಹಾಗೆ ಹೋಗುತ್ತೆ. ನಾನೇ ಹೇಳ್ಕೊಂಡೆ."

ತಪ್ಪಾಯ್ತು, ಇನ್ನು ಮಾಡಲ್ಲ, ಅಳಬೇಡ. ಅವನಿಗೆ ನೆನಪಾಯಿತು. ತನ್ನ ಬಾಯಲ್ಲಿ ಆ ಮಾತುಗಳನ್ನು ಇಟ್ಟು ನೋಡಿದ, ಬೇರೆಯವರ ಹಲ್ಲಿನ ಸೆಟ್ಟು ಹಾಕಿಕೊಂಡಂತಾಯಿತು. ಕೂಡಲೇ ಇನ್ನೊಂದು ಬುದ್ಧಿ ಎದ್ದು ಕೂತಿತು: ಎಷ್ಟು ಚೆನ್ನಾಗಿ ಕಟ್ಟಿದ್ದಾಳೆ ಕತೆಯನ್ನು. ಯಾರ ಮಗಳು! ಒಳಗೆ ನಿಜವಾಗಿಯೂ ಒಬ್ಬನಿದ್ದರೆ ಇದಕ್ಕಿಂತ ಒಳ್ಳೆಯ ಸಬೂಬು ಯಾರಿಗೆ ಹೊಳೆಯುತ್ತದೆ?

"ತೆಗೆದು ತೋರಿಸು ಹಾಗಾದ್ರೆ."

"ತೋರಿಸಿದ್ರೆ ನೋಡಿದ ಹಾಗಾಗುತ್ತೆ ಅಪ್ಪ. ನಂಬಿದ ಹಾಗಾಗಲ್ಲ." ಅವಳು ಒಣಗಿದ ಗಂಟಲಿನಲ್ಲಿ ನುಂಗಿದ್ದು ಅವನಿಗೆ ಹಲಗೆಯ ಮೂಲಕವೂ ಕೇಳಿಸಿತು. "ನಂಗೆ ನೀರು ಬೇಕು. ನೀನು ಬಾಗಿಲ ಹತ್ರದಿಂದ ಹೋಗು. ನೀನಿರೋವರೆಗೂ ತೆಗೆಯಲ್ಲ."

"ಹೋದೆ," ಎಂದ. ನಿಜಕ್ಕೂ ಹೋದ. ಹೆಜ್ಜೆ ಊರಿ, ಸದ್ದು ಮಾಡುತ್ತ, ಅಡುಗೆಮನೆಯವರೆಗೆ.

"ಹೆಜ್ಜೆ ಚೆನ್ನಾಗಿ ಬಂತು," ಎಂದಳು ಒಳಗಿಂದ. "ದೂರ ಹೋದ ಹಾಗೇ ಇದೆ."

ಅವನು ಲೋಟ ತೆಗೆದುಕೊಂಡು ಬೇಕೆಂದೇ ಪಾತ್ರೆಗೆ ತಾಗಿಸಿದ. ನಲ್ಲಿ ಬಿಟ್ಟ. ನೀರು ತುಂಬಿದ ಲೋಟವನ್ನು ತಂದು ಕೋಣೆಯ ಹೊಸ್ತಿಲ ಮುಂದೆ ಇಟ್ಟು, "ನೀರು ಇಟ್ಟಿದೀನಿ ಕಣಮ್ಮ," ಎಂದು ಹಿಂದೆ ಸರಿದ.

"ನೀರು ಸುರಿಯೋದು ನಿನ್ನ ಹಳೇ ಐಟಂ," ಎಂದಳು. ಅಣಕದಿಂದಲ್ಲ, ಗೊತ್ತಿದ್ದದ್ದನ್ನು ಹೇಳುವವಳಂತೆ. "ಲೋಟದ ಸದ್ದು ಹೊಸದು. ಅದು ಯಾವಾಗ ಕಲಿತೆ?"

ಅವನು ಗೋಡೆಗೆ ಒರಗಿದ. ಬಾಯಿಂದ ಬಂದದ್ದೆಲ್ಲ ಸುಳ್ಳು ಎಂದು ಅವಳು ತಿಳಿಯುವುದು ಸರಿಯೇ ಇತ್ತು; ಈಗ ಕಾಲಿಂದ ಬಂದದ್ದು, ನಲ್ಲಿಯಿಂದ ಬಂದದ್ದು, ಎಲ್ಲವೂ ಅವನ ಬಾಯಿಯ ಲೆಕ್ಕಕ್ಕೇ ಸೇರಿತ್ತು. ಸುಮ್ಮನೆ ನಿಂತರೂ ಅದು ಸುಮ್ಮನಿರುವ ನಟನೆ. ಒಂದು ಹಲಗೆಯ ಆಚೆ ಜ್ವರದ ಮಗಳು, ಈಚೆ ಒಂದು ಲೋಟ ನೀರು, ಎರಡನ್ನೂ ಸೇರಿಸುವ ಒಂದೇ ಒಂದು ಸದ್ದೂ ಅವನ ಬಳಿ ಇರಲಿಲ್ಲ. ಅವಳಿಗೆ ತಾನು ಬಾಗಿಲಲ್ಲಿ ಇಲ್ಲವೆಂದು ಗೊತ್ತಾಗಬೇಕಾದರೆ ಕಿವಿಯಿಂದ ಆಗದು, ಕಣ್ಣಿಂದಲೇ ಆಗಬೇಕು. ಅವಳ ಕಿಟಕಿ ಇರುವುದು ಬೀದಿಗೆ.

ಬೀದಿಗಿಳಿದರೆ ಮನೆಯ ಹಿಂಬದಿ ಬರಿದಾಗುತ್ತದೆ. ಅಡುಗೆಮನೆಯಿಂದ ಹಿತ್ತಿಲಿಗೆ ಕಬ್ಬಿಣದ ಮೆಟ್ಟಿಲಿದೆ. ಒಳಗೆ ಯಾರಾದರೂ ಇದ್ದರೆ ಕೈಯಲ್ಲಿ ಚಪ್ಪಲಿ ಹಿಡಿದು ಆರಾಮಾಗಿ ಇಳಿದು ಹೋಗಬಹುದು. ಅಡುಗೆಮನೆಗೆ ಹೊರಗಿಂದ ಚಿಲಕ ಹಾಕಿ ಹೋಗೋಣವೇ ಎಂದು ಕೈ ಮೇಲೆದ್ದಿತು. ಒಂದು ಬೆರಳಿನ ಕೆಲಸ. ಅವಳಿಗೆ ಗೊತ್ತೂ ಆಗುವುದಿಲ್ಲ. ಹಿತ್ತಾಳೆಯ ತಣ್ಣನೆಯ ಚಿಲಕದ ಮೇಲೆ ಬೆರಳಿಟ್ಟು ಅವನು ನಿಂತೇ ಇದ್ದ. ಗೊತ್ತಾಗುವುದಿಲ್ಲ ಎಂಬುದೇ ಹೋದ ತಿಂಗಳು ಫೋನೆತ್ತುವಾಗಲೂ ಅವನಿಗೆ ಧೈರ್ಯ ಕೊಟ್ಟ ಮಾತಾಗಿತ್ತು. ಕೈ ಕೆಳಗಿಳಿಸಿದ. ಇಳಿಸಿದ ಕೈಯನ್ನು ನಂಬಲಾರದವನಂತೆ ಜೇಬಿಗೆ ತುರುಕಿ ಮುಂಬಾಗಿಲ ಮೆಟ್ಟಿಲಿಳಿದ.

ಬಿಸಿಲು ಕಣ್ಣಿಗೆ ಹೊಡೆಯಿತು. ಎದುರಿನ ಕ್ಷೌರದಂಗಡಿಯವನು ಗಿರಾಕಿಯಿಲ್ಲದೆ ತನ್ನದೇ ಕುರ್ಚಿಯಲ್ಲಿ ಕೂತು ತನ್ನನ್ನೇ ಕನ್ನಡಿಯಲ್ಲಿ ನೋಡಿಕೊಳ್ಳುತ್ತಿದ್ದ. ಇವನನ್ನು ಕಂಡು ಎದ್ದು ಬಂದ. "ಏನ್ ಸಾರ್, ನಡುಬೀದೀಲಿ ಶೋನಾ? ಆ ಅಜ್ಜಿ ಐಟಂ ಮಾಡಿ ಸಾರ್, ಹಲ್ಲಿಲ್ಲದ್ದು." ಇವನು ಕೈಯೆತ್ತಿ ಸುಮ್ಮನಿರು ಎಂದ. "ಮೂಕಾಭಿನಯನಾ?" ಎಂದ ಕ್ಷೌರಿಕ, ಗೌರವದಿಂದ ಹಿಂದೆ ಸರಿದು.

ಮೇಲಿನ ಕಿಟಕಿ ಮುಚ್ಚಿತ್ತು. ಅವನು ಬೀದಿಯ ನಡುವೆ, ಎಲ್ಲಿಂದಲೂ ಕಾಣುವಂತೆ ನಿಂತ. ಒಂದು ಸೈಕಲ್ಲು ಬೈಯುತ್ತ ಸುತ್ತಿಕೊಂಡು ಹೋಯಿತು. ಪರದೆ ಸರಿಯಿತು. ಗಾಜಿನ ಹಿಂದೆ ಮಗಳ ಮುಖ, ಕೆದರಿದ ಕೂದಲು, ಹಣೆಯ ಮೇಲೆ ಒದ್ದೆ ಬಟ್ಟೆಯ ಗೆರೆ. ಅವಳು ಅವನನ್ನು ನೋಡಿದಳು, ಕೆಳಗಿನ ಬಾಗಿಲಿನಿಂದ ಅವನವರೆಗಿನ ದೂರವನ್ನು ನೋಡಿದಳು, ಮತ್ತೆ ಅವನನ್ನು ನೋಡಿದಳು. ಆಮೇಲೆ ಅವಳ ತುಟಿ ಆಡಿತು.

ಗಾಜಿನಾಚೆಯ ಬಾಯಿ, ಸದ್ದಿಲ್ಲದ್ದು. ಅವನು ಬದುಕಿಡೀ ಮಾಡಿದ ಕೆಲಸ ಅದೊಂದೇ. ಮಾತು ತುಟಿಗೆ ಕೂರಬೇಕು, ಎನ್ನುತ್ತಾರೆ ಅವನ ಕಸುಬಿನಲ್ಲಿ. ಉಳಿದ ಅಕ್ಷರಗಳಲ್ಲಿ ಹೇಗೋ ಜಾರಿಕೊಳ್ಳಬಹುದು, ತುಟಿ ಮುಚ್ಚುವ ಪ, ಬ, 'ಮ'ಗಳಲ್ಲಿ ಕಳ್ಳ ಸಿಕ್ಕಿಬೀಳುತ್ತಾನೆ. ಅವಳು ನಿಧಾನವಾಗಿ, ಒಂದೊಂದೇ ಮಾತು ಬಿಡಿಸಿ ಹೇಳುತ್ತಿದ್ದಳು. ಮೊದಲ ಸಲ ಅವನು ನೋಡಿದ. ಅವಳು ಮತ್ತೆ ಮೊದಲಿಂದ ಶುರು ಮಾಡಿದಳು, ಟೇಕ್ ಎರಡು ಎಂಬಂತೆ. ಬಾಯಿ ತೆರೆದರೆ ಯಾರು ಬರುತ್ತಾರೋ ಎಂದು ಅವನಿಗೆ ಭಯವಾಯಿತು. ಡಾಕ್ಟರೋ, ತಾತನೋ, ಕರಡಿಯೋ. ಯಾರನ್ನೂ ಕರೆಯುವಷ್ಟು ಪುರುಸೊತ್ತು ಇರಲಿಲ್ಲ, ತುಟಿ ಆಗಲೇ ಆಡತೊಡಗಿತ್ತು, ಅವನು ಹಿಂದೆಯೇ ಓಡಬೇಕಾಯಿತು.

"ಅವತ್ತು ಫೋನ್ ಮಾಡಿದ್ದು ನಾನೇ," ಎಂದ ಬೀದಿಯಲ್ಲಿ ನಿಂತು. ಮೇಲೆ ತುಟಿ ಮುಚ್ಚಿದಲ್ಲೆಲ್ಲ ಇವನ ತುಟಿಯೂ ಮುಚ್ಚಿತು. "ತಪ್ಪಾಯ್ತು. ಇನ್ನು ಮಾಡಲ್ಲ."

ಮುಂದಿನ ಮಾತಿಗೆ ಅವಳ ಬಾಯಿ ತೆರೆಯಲಿಲ್ಲ. ನಡುಗಿತು, ಅಷ್ಟೆ. ಅವನು ಕಾದ. ಆಮೇಲೆ, ತೆರೆಯ ಮೇಲೆ ಬಾಯಿ ಆಡದಿದ್ದಾಗ ಮಾತಾಡಕೂಡದು ಎಂಬ ಕಸುಬಿನ ನೇಮ ಮುರಿದು, ತಾನೇ ಹೇಳಿದ, "ಅಳಬೇಡ."

ಕ್ಷೌರದಂಗಡಿಯವನು ಹತ್ತಿರ ಬಂದಿದ್ದ. "ಇದು ಯಾರು ಸಾರ್?" ಎಂದು ಮೆಲ್ಲನೆ ಕೇಳಿದ. "ನಿಮ್ಮ ಎಲ್ಲಾ ದನೀನೂ ಕೇಳಿದೀನಿ. ಇವರನ್ನ ಕೇಳೇ ಇಲ್ವಲ್ಲ."

ಕಿಟಕಿಯಲ್ಲಿ ಈಗ ಯಾರೂ ಇರಲಿಲ್ಲ. ಮನೆಯ ಹಿಂದೆ ಎಲ್ಲೋ ಕಬ್ಬಿಣದ ಮೆಟ್ಟಿಲು ಒಮ್ಮೆ ಠಣ್ ಎಂದಿತು. ಬೆಕ್ಕಿರಬಹುದು. ಬಿಸಿಲಿಗೆ ಕಬ್ಬಿಣ ತಾನಾಗಿ ಸಿಡಿಯುವುದೂ ಉಂಟು. ಸುತ್ತಿ ಹೋಗಿ ನೋಡಲು ಎರಡು ಮನೆ ದಾಟಿದರೆ ಸಾಕಿತ್ತು. ಅವನ ಬಲಗಾಲು ತಿರುಗಿತು ಕೂಡ. ಅವನು ಅದನ್ನು ಎಡಗಾಲಿನ ಪಕ್ಕಕ್ಕೆ ತಂದು ನಿಲ್ಲಿಸಿದ.

ಗಾಜಿನ ಹಿಂದೆ ಮಗಳು ಮತ್ತೆ ಬಂದಳು. ಕೈಯಲ್ಲಿ ಹೊಸ್ತಿಲ ಮುಂದಿಟ್ಟ ಲೋಟ. ಅವನನ್ನೇ ನೋಡುತ್ತ ಲೋಟವನ್ನು ಬಾಯಿಗಿಟ್ಟು, ತಲೆ ಹಿಂದಕ್ಕೆ ಚೆಲ್ಲಿ ಕುಡಿದಳು. ನೀರು ಇಳಿಯುವಾಗ ಅವಳ ಗಂಟಲು ಏರಿಳಿಯುವುದು ಕೆಳಗಿನವರೆಗೂ ಕಾಣುತ್ತಿತ್ತು. ಯಾರಾದರೂ ನೀರು ಕುಡಿಯುವುದನ್ನು ಕಂಡರೆ ಗುಟುಕಿಗೆ ಸರಿಯಾಗಿ ಸದ್ದು ಸೇರಿಸುವುದು ಅವನ ಹಳೆಯ ಚಟ. ಅವನು ತುಟಿ ಮುಚ್ಚಿಕೊಂಡು, ಲೋಟ ಬರಿದಾಗುವವರೆಗೆ ಬಿಸಿಲಿನಲ್ಲಿ ನಿಂತಿದ್ದ.